ಖಮೀಸ್ ಮುಶೈತ್‌ನಲ್ಲಿ ಎದ್ದ ಅಣಬೆ

ಅಭಾ ವಿಮಾನ ನಿಲ್ದಾಣ

ಕಾರ್ಕಳದಿಂದ ಹೊರಡುವಾಗ ಸಿಕ್ಕಿದವರೆಲ್ಲ ಕೇಳಿದ್ದು ಒಂದೇ ಪ್ರಶ್ನೆ. "ಸೌದಿಯಲ್ಲಿ ಎಂತ ನೋಡ್ತೀರಿ ಟೀಚರ್? ಮರಳಲ್ವಾ?"

ನಾನೂ ಮರಳನ್ನೇ ನೋಡುವ ತಯಾರಿಯಲ್ಲಿ ಹೋಗಿದ್ದೆ. ತಂಪು ಕನ್ನಡಕ, ತೆಳು ಹತ್ತಿಯ ಚೂಡಿದಾರ, ಬಿಸಿಲಿಗೆ ಹಚ್ಚುವ ಕ್ರೀಮು. ಜಿದ್ದಾದಲ್ಲಿ ವಿಮಾನ ಬದಲಿಸುವಾಗ ನನ್ನ ಪೆಟ್ಟಿಗೆ ಅಲ್ಲೇ ಉಳಿಯಿತು. ಅಭಾದಲ್ಲಿ ಇಳಿದರೆ ಸಣ್ಣಗೆ ಮಳೆ, ಆಗುಂಬೆಯ ಮೇಲೆ ನಿಂತ ಹಾಗೆ ಚಳಿ. ಕರೆಯಲು ಬಂದಿದ್ದ ತಂಗಿ ಶೋಭಾ ತನ್ನ ಅಬಾಯಾ ತೆಗೆದುಕೊಟ್ಟಳು. ಅವಳಿಗಿಂತ ನಾನು ಒಂದು ಗೇಣು ಎತ್ತರ. ಪಾದದ ಮೇಲೆ ಕುಣಿಯುವ ಆ ಕರಿ ನಿಲುವಂಗಿಯಲ್ಲಿ ನಾನು ಯಕ್ಷಗಾನದ ಅರ್ಧ ವೇಷದವಳಂತೆ ಕಾಣುತ್ತಿದ್ದೆ. ಶೋಭಾ ನೋಡಿ ನೋಡಿ ನಕ್ಕಳು.

"ಪೆಟ್ಟಿಗೆ ಬರ್ತದೆ ಅಕ್ಕ. ಇಲ್ಲಿ ಯಾರೂ ಕದಿಯುವುದಿಲ್ಲ. ತಡ ಮಾಡ್ತಾರೆ, ಅಷ್ಟೆ."

ಶೋಭಾ ಖಮೀಸ್ ಮುಶೈತ್‌ನ ಒಂದು ಆಸ್ಪತ್ರೆಯಲ್ಲಿ ನರ್ಸ್. ನಾನು ಕಾಲೇಜಿನಲ್ಲಿ ಸಸ್ಯಶಾಸ್ತ್ರ ಕಲಿಸಿ ನಿವೃತ್ತಳಾದವಳು. ಜೀವಮಾನದಲ್ಲಿ ಹೆಚ್ಚು ಓದಿದ್ದು ಅಣಬೆಗಳ ಬಗ್ಗೆ. ಅದನ್ನು ಕೇಳಿದವರು ಸಾಮಾನ್ಯವಾಗಿ "ಓ, ಪಲ್ಯಕ್ಕೆ ಒಳ್ಳೆಯದು" ಎಂದು ಹೇಳಿ ಮಾತು ಬದಲಿಸುತ್ತಾರೆ. ಈ ಪ್ರವಾಸದಲ್ಲಿ ಆ ವಿದ್ಯೆಗೆ ಕೆಲಸ ಇದ್ದೀತೆಂದು ನನ್ನ ಎಣಿಕೆಯಲ್ಲೇ ಇರಲಿಲ್ಲ.

ಖಮೀಸ್ ಮುಶೈತ್

ಇದು ಬೆಟ್ಟದ ಮೇಲಿನ ಊರು. ಅಗಲ ರಸ್ತೆ, ಎರಡೂ ಕಡೆ ಅಂಗಡಿ, ಎಲ್ಲಿಗೆ ಹೋಗಬೇಕಾದರೂ ಕಾರು. ಎದುರಿನ ಅಂಗಡಿಗೆ ನಡೆದು ಹೋಗುತ್ತೇನೆಂದು ನಾನು ಹೊರಟರೆ, ಪರಿಚಯವಿಲ್ಲದ ಒಬ್ಬರು ಗಾಡಿ ನಿಲ್ಲಿಸಿ, ಹಿಂದೆ ಕುಳಿತಿದ್ದ ಹೆಂಡತಿಯ ಕೈಯಲ್ಲಿ ಕೇಳಿಸಿದರು. ಏನಾದರೂ ತೊಂದರೆಯಾಗಿದೆಯೇ ಎಂದು. ನಡೆಯುವ ಹೆಂಗಸು ಇಲ್ಲಿ ಕಷ್ಟದಲ್ಲಿರುವವಳು.

ಶೋಭಾಳ ಕೆಳಗಿನ ಮನೆಯಲ್ಲಿ ಅಶ್ರಫ್ ಮತ್ತು ಮೈಮೂನಾ ಇದ್ದರು. ವಿಟ್ಲದ ಕಡೆಯವರು. ಅಶ್ರಫ್‌ಗೆ ಕಾರಿನ ಬಿಡಿಭಾಗಗಳ ಅಂಗಡಿ. ಇಬ್ಬರು ಹೆಣ್ಣುಮಕ್ಕಳು ಇಂಡಿಯನ್ ಶಾಲೆಗೆ ಹೋಗುತ್ತಾರೆ, ಮನೆಯಲ್ಲಿ ಬ್ಯಾರಿ ಭಾಷೆಯಲ್ಲಿ ಕೇಳಿದರೆ ಇಂಗ್ಲಿಷಿನಲ್ಲಿ ಉತ್ತರ ಕೊಡುತ್ತಾರೆ. ನಾನು ಬಂದ ದಿನವೇ ಮೈಮೂನಾ ಪತ್ತಿರಿ ಎಂಬ ಅಕ್ಕಿರೊಟ್ಟಿ ಮತ್ತು ಕೋಳಿ ಸಾರು ಕಳಿಸಿದಳು. ಅಶ್ರಫ್ ಮೇಲೆ ಬಂದು ಬಾಗಿಲಲ್ಲೇ ನಿಂತು ವಿಚಾರಿಸಿದ.

"ಟೀಚರ್, ನೀವು ಲಾಂಬಿನ ವಿಷಯದಲ್ಲಿ ದೊಡ್ಡ ಜನ ಅಂತ ಸಿಸ್ಟರ್ ಹೇಳಿದ್ರು. ಹೌದಾ?"

ತುಳುವಿನಲ್ಲಿ ಅಣಬೆ ಎಂದರೆ ಲಾಂಬು. ಆ ಶಬ್ದ ಕೇಳಿ ನಾನು ನಗುತ್ತಾ, "ಸ್ವಲ್ಪ ಗೊತ್ತುಂಟು" ಎಂದೆ.

"ನನಗೆ ಅದನ್ನು ತಿನ್ನದೆ ಎಷ್ಟು ಮಳೆಗಾಲ ಹೋಯ್ತು ಗೊತ್ತುಂಟಾ? ರಜೆ ಸಿಕ್ಕುವುದು ಯಾವಾಗಲೂ ಬೇಸಗೆಯಲ್ಲಿ. ಸೂಪರ್ ಮಾರ್ಕೆಟಿನ ಡಬ್ಬದ್ದು ತಿಂದರೆ ರಬ್ಬರು ಮಾರಾಯ್ರೆ."

"ಇಲ್ಲಿ ಮಳೆಗೆ ಏನಾದರೂ ಎದ್ದರೆ ನನಗೆ ತೋರಿಸದೆ ಮುಟ್ಟಬೇಡಿ" ಎಂದು ನಾನು ಹೇಳಿದೆ. "ಊರಿನ ಲಾಂಬು ಹುತ್ತದಿಂದ ಏಳುವುದು. ಆ ಜಾತಿ ಇಲ್ಲಿ ಇರುತ್ತದೆ ಅಂತ ನನಗೆ ನಂಬಿಕೆ ಇಲ್ಲ."

"ಇಲ್ಲ ಟೀಚರ್, ನಿಮಗೆ ತೋರಿಸದೆ ತಿನ್ನುವುದಾ?" ಎಂದ.

ಅರ್‌ಅರ್ ಮರಗಳ ಬೆಟ್ಟ

ಶುಕ್ರವಾರ ಎಲ್ಲರೂ ಸೇರಿ ಸೂದಾ ಬೆಟ್ಟಕ್ಕೆ ಹೋದೆವು. ಮೋಡ ರಸ್ತೆಯ ಮೇಲೇ ಕುಳಿತಿತ್ತು. ಇಳಿಜಾರಿನ ತುಂಬ ಜುನಿಪರ್, ಇಲ್ಲಿಯವರ ಬಾಯಲ್ಲಿ ಅರ್‌ಅರ್ ಮರಗಳು. ಸೂಜಿಯಂಥ ಎಲೆ, ಉಜ್ಜಿದರೆ ಪೆನ್ಸಿಲ್ ಹೆರೆದ ವಾಸನೆ. ಕೊಂಬೆಗಳಿಂದ ಕಲ್ಲುಹೂವು ಗಡ್ಡದಂತೆ ಜೋತಾಡುತ್ತಿತ್ತು. ನಾನು ಮರದಿಂದ ಮರಕ್ಕೆ ಓಡಾಡಿದೆ. ಬುಡದ ಸೂಜಿ ಎಲೆಗಳ ಹಾಸನ್ನು ಬೆರಳಿನಿಂದ ಬಿಡಿಸಿದರೆ ಕಂದು ಬಣ್ಣದ ಪುಟ್ಟ ಪುಟ್ಟ ಕೊಡೆಗಳು. ನೆಲಕ್ಕೆ ಮೊಣಕಾಲೂರಿ ಕುಳಿತೆ. ಅರಬಿ ಕುಟುಂಬವೊಂದು ಚಾಪೆ ಹಾಸಿ ಕಾಫಿ ಕುಡಿಯುತ್ತಿತ್ತು. ಅವರಲ್ಲಿ ಹಿರಿಯ ಹೆಂಗಸು ನಾನೇನೋ ಕಳೆದುಕೊಂಡಿದ್ದೇನೆಂದು ಭಾವಿಸಿ ಎದ್ದು ಬಂದು ನನ್ನ ಜೊತೆ ಹುಡುಕತೊಡಗಿದರು. ಭಾಷೆ ಬಾರದ ನಾನು ಅಣಬೆ ತೋರಿಸಿದೆ. ಅವರು ನನ್ನನ್ನೂ ಅಣಬೆಯನ್ನೂ ನೋಡಿ, ತಮ್ಮ ತಟ್ಟೆಯಿಂದ ಒಂದು ಹಿಡಿ ಖರ್ಜೂರ ತಂದು ನನ್ನ ಕೈಯಲ್ಲಿಟ್ಟರು. ತಿನ್ನುವುದಾದರೆ ಇದನ್ನು ತಿನ್ನು ಎಂಬ ಅರ್ಥ.

ಅಷ್ಟರಲ್ಲಿ ಒಂದು ಮಂಗ ನಮ್ಮ ಚಪಾತಿಯ ಚೀಲವನ್ನೇ ಎತ್ತಿಕೊಂಡು ಹೋಯಿತು. ಇಲ್ಲಿನ ಮಂಗಗಳು ನಮ್ಮವುಗಳಂತಲ್ಲ. ನಾಯಿಯ ಮೂತಿ, ಗಂಡುಗಳಿಗೆ ಹೆಗಲ ಮೇಲೆ ಬೂದು ಬಣ್ಣದ ಶಾಲು ಹೊದ್ದಂಥ ಕೂದಲು. ಅಶ್ರಫ್ ಅಟ್ಟಿಸಿಕೊಂಡು ಹೋದ. ಮಂಗ ನಿಂತು ತಿರುಗಿ ನೋಡಿತು. ಅಶ್ರಫ್ ಅದಕ್ಕಿಂತ ಬೇಗ ವಾಪಸ್ ಬಂದ. ಮಧ್ಯಾಹ್ನದ ಊಟ ಖರ್ಜೂರದಲ್ಲೇ ಮುಗಿಯಿತು.

ಅಶ್ರಫ್‌ನ ಅಡುಗೆಮನೆ

ಅದಾದ ಮೇಲೆ ಮಳೆ ಇನ್ನೂ ಒಂದೆರಡು ದಿನ ಸುರಿಯಿತು. ಬಿಸಿಲು ಬಿದ್ದ ಒಂದು ಬೆಳಿಗ್ಗೆ ನಾನು ಒಗೆದ ಬಟ್ಟೆ ಹರವುತ್ತಿದ್ದಾಗ ಮೈಮೂನಾ ಮೆಟ್ಟಿಲು ಹತ್ತಿ ಓಡಿಬಂದಳು. ತಲೆಯ ಮೇಲೆ ಬಟ್ಟೆ ಸರಿಯಾಗಿ ನಿಂತಿರಲಿಲ್ಲ.

"ಅಕ್ಕ, ಇವರಿಗೆ ವಾಂತಿ ನಿಲ್ಲುವುದಿಲ್ಲ. ಅಂಗಡಿಯ ಹುಡುಗರು ಅಲ್ಲಿಂದಲೇ ಆಸ್ಪತ್ರೆಗೆ ಕರ್ಕೊಂಡು ಹೋದ್ರು. ನಿನ್ನೆ ಲಾಂಬು ತಂದಿದ್ರು ಅಕ್ಕ."

ಅಶ್ರಫ್ ಹಿಂದಿನ ದಿನ ಸಂಜೆ ಪಾರ್ಕಿನ ಮರದಡಿ ಬಿಳಿ ಅಣಬೆ ಕಂಡು ಚೀಲ ತುಂಬಿಸಿಕೊಂಡು ಬಂದಿದ್ದ. ಅರ್ಧವನ್ನು ರಾತ್ರಿ ತೆಂಗಿನಕಾಯಿ ಮಸಾಲೆಯಲ್ಲಿ ಚೆನ್ನಾಗಿ ಬೇಯಿಸಿದರು. ಉಳಿದ ಅರ್ಧವನ್ನು ಬೆಳಿಗ್ಗೆ ಕಾವಲಿಯ ಮೇಲೆ ಉಪ್ಪು ಮೆಣಸು ಹಾಕಿ ಸ್ವಲ್ಪವೇ ಹುರಿದು ಅವನೊಬ್ಬನೇ ತಿಂದು ಅಂಗಡಿಗೆ ಹೋದ. ಮಕ್ಕಳು ಮುಖ ತಿರುಗಿಸಿ ನೂಡಲ್ಸ್ ತಿಂದಿದ್ದರು. ಮೈಮೂನಾ ರಾತ್ರಿ ಒಂದು ತುಂಡು ಬಾಯಿಗೆ ಹಾಕಿಕೊಂಡಿದ್ದಳು, ಅವಳಿಗೆ ಏನೂ ಆಗಿರಲಿಲ್ಲ.

"ನನಗೆ ಯಾಕೆ ತೋರಿಸಲಿಲ್ಲ?" ಎಂದೆ. ದನಿ ಸ್ವಲ್ಪ ಗಟ್ಟಿಯಾಯಿತು.

"ನಿಮಗೆ ಅಂತಲೇ ಚಂದದ್ದು ಎರಡು ತೆಗೆದಿಟ್ಟಿದ್ದಾರೆ ಅಕ್ಕ. ಸಂಜೆ ತಂದು ತೋರಿಸಿ, ಊರಿನ ಲಾಂಬು ಇಲ್ಲೂ ಉಂಟು ಅಂತ ಹೇಳುವುದಿತ್ತು ಅವರಿಗೆ."

ಫ್ರಿಜ್ಜಿನಲ್ಲಿ, ಮೊಸರಿನ ಡಬ್ಬದ ಹಿಂದೆ, ಕಾಗದದಲ್ಲಿ ಸುತ್ತಿದ ಎರಡು ಅಣಬೆ. ಅಂಗೈಯಗಲದ ಬಿಳಿ ಕೊಡೆ, ಮೇಲೆ ಕಂದು ಬಣ್ಣದ ಸಿಪ್ಪೆಯಂಥ ಚುಕ್ಕೆಗಳು, ಕಾಲಿನಲ್ಲಿ ಬಳೆಯಂಥ ಉಂಗುರ. ತಿರುವಿ ನೋಡಿದೆ. ಕೊಡೆಯ ಅಡಿಯಲ್ಲಿ ಪುಸ್ತಕದ ಹಾಳೆಗಳಂತೆ ಒತ್ತಾಗಿ ನಿಂತ ಪದರಗಳು ಬೆಳ್ಳಗಿದ್ದವು. ಬಿಳಿ ಪದರ, ಕಾಲಿಗೆ ಉಂಗುರ. ಮನುಷ್ಯನ ಯಕೃತ್ತನ್ನೇ ಕೊಲ್ಲುವ ಅಣಬೆಗಳಲ್ಲಿ ಕೆಲವಕ್ಕೂ ಇದೇ ಲಕ್ಷಣ. ಹೊಟ್ಟೆ ಕೆಡಿಸಿ ಸುಮ್ಮನಾಗುವ ಇನ್ನೊಂದು ಜಾತಿಗೂ ಎಳೆಯದಾಗಿರುವಾಗ ಇದೇ ಲಕ್ಷಣ.

ಶೋಭಾಳ ಫೋನ್ ಬಂತು. ಅವಳು ಡ್ಯೂಟಿಯಲ್ಲೇ ಇದ್ದಳು.

"ಅಕ್ಕ, ಡಾಕ್ಟರ್ ಕೇಳ್ತಾ ಇದ್ದಾರೆ. ವಾಂತಿ ರಾತ್ರಿಯ ಊಟದಿಂದ ಶುರುವಾದದ್ದಾ, ಬೆಳಿಗ್ಗೆಯದ್ದರಿಂದಲಾ? ಬೆಳಿಗ್ಗೆಯದ್ದಾದರೆ ಅಷ್ಟು ಹೆದರಿಕೆ ಇಲ್ಲವಂತೆ. ರಾತ್ರಿಯದ್ದು ಇಷ್ಟು ತಡವಾಗಿ ಕೆಲಸ ಮಾಡಿದ್ದಾದರೆ ಲಿವರಿಗೆ ಕಷ್ಟವಂತೆ. ಯಾವುದು ಅಂತ ಗೊತ್ತಾಗದಿದ್ದರೆ ದೊಡ್ಡ ಆಸ್ಪತ್ರೆಗೆ ಸಾಗಿಸುವ ತಯಾರಿ ಮಾಡ್ತಾರೆ."

"ಅಶ್ರಫ್ ಮಾತಾಡುವ ಸ್ಥಿತಿಯಲ್ಲಿದ್ದಾರಾ?"

"ಇದ್ದಾರೆ. ಒಂದೇ ಮರದಡಿಯಿಂದ ಎಲ್ಲ ಕಿತ್ತದ್ದಂತೆ. ಬೇರೆಲ್ಲಿಂದಲೂ ಇಲ್ಲವಂತೆ."

"ಹಾಗಾದರೆ ನಾನು ಮೊದಲು ಆ ಮರ ನೋಡಬೇಕು" ಎಂದೆ.

ಪಾರ್ಕಿನ ಮರ

ಮೈಮೂನಾ ಕಾರು ಬಿಟ್ಟಳು. ಅವಳಿಗೆ ಲೈಸೆನ್ಸ್ ಬಂದು ಹೆಚ್ಚು ಸಮಯವಾಗಿರಲಿಲ್ಲ. ಆದರೂ ಗಾಡಿ ನೆಟ್ಟಗೆ ಹೋಯಿತು. ತುಟಿಯಲ್ಲಿ ಪ್ರಾರ್ಥನೆ ಓಡುತ್ತಿತ್ತು. ಮಧ್ಯೆ ಒಮ್ಮೆ ಕೇಳಿದಳು.

"ಅಕ್ಕ, ನಿಜ ಹೇಳಿ. ಇವರು ಉಳಿತಾರಾ?"

"ನೋಡದೆ ಹೇಳಲಿಕ್ಕಾಗುವುದಿಲ್ಲ ಮೈಮೂನಾ. ನೋಡಿದ ಮೇಲೆ ಸುಳ್ಳು ಹೇಳುವುದಿಲ್ಲ."

ಪಾರ್ಕಿನಲ್ಲಿ ಮಳೆ ಕುಡಿದ ಹುಲ್ಲು ಮಿಂಚುತ್ತಿತ್ತು. ನಡುವೆ ಒಂದು ಜಾಲಿ ಮರ. ಅದರ ನೆರಳಿನ ಅಂಚಿನಲ್ಲಿ ಅರ್ಧ ಬಳೆಯಾಕಾರದಲ್ಲಿ ಬಿಳಿ ಕೊಡೆಗಳು ಎದ್ದು ನಿಂತಿದ್ದವು. ಅಶ್ರಫ್ ಕಿತ್ತ ಗುರುತುಗಳೂ ಕಂಡವು. ಯಾರಾದರೂ ನೋಡಿದರೆ ಊರಿನ ನೆನಪಾಗದೆ ಇರದು. ನನಗೂ ಆಯಿತು.

ಅಡುಗೆಮನೆಯಿಂದ ತಂದ ಚಮಚದಿಂದ ಒಂದೊಂದರ ಬುಡ ಅಗೆದೆ. ಕೊಲ್ಲುವ ಜಾತಿಗಳಲ್ಲಿ ಅತಿ ಕುಖ್ಯಾತವಾದದ್ದಕ್ಕೆ ಮಣ್ಣಿನೊಳಗೆ ಒಂದು ಬಿಳಿ ಚೀಲವಿರುತ್ತದೆ, ಮೊಟ್ಟೆಯ ಒಡೆದ ಚಿಪ್ಪಿನ ಹಾಗೆ. ಅಣಬೆಯನ್ನು ಎಳೆದು ಕಿತ್ತರೆ ಅದು ಮಣ್ಣಿನಲ್ಲೇ ಉಳಿದುಬಿಡುತ್ತದೆ. ಅದಕ್ಕೇ ಅಗೆಯಬೇಕು. ಒಂದು ಅಗೆದೆ, ಚೀಲ ಇಲ್ಲ. ಪಕ್ಕದ್ದು ಅಗೆದೆ, ಇಲ್ಲ. ಅಶ್ರಫ್ ಕಿತ್ತ ಜಾಗದ ಮಣ್ಣನ್ನೂ ಕೆದಕಿದೆ. ಎಲ್ಲೂ ಇಲ್ಲ. ಸುತ್ತಮುತ್ತ ಬೇರೆ ಜಾತಿಯ ಒಂದೇ ಒಂದು ಅಣಬೆಯೂ ಇರಲಿಲ್ಲ. ಉಂಗುರವನ್ನು ಬೆರಳಿನಿಂದ ದೂಡಿದರೆ ಕಾಲಿನ ಮೇಲೆ ಮೇಲಕ್ಕೂ ಕೆಳಕ್ಕೂ ಜಾರುತ್ತಿತ್ತು. ಹೊಟ್ಟೆಯನ್ನಷ್ಟೇ ಕೆಡಿಸುವ ಜಾತಿಯದು ಹೀಗೆ ಜಾರುತ್ತದೆ.

ನಮ್ಮನ್ನು ನೋಡಿ ತೋಟ ನೋಡಿಕೊಳ್ಳುವ ಬಂಗಾಲಿ ಬಂದು, ಹುಲ್ಲು ಅಗೆಯಬಾರದೆಂದು ಹಿಂದಿಯಲ್ಲಿ ಗದರಿದ. ಮೈಮೂನಾ ಅವನೆದುರು ಹೋಗಿ ನಿಂತಳು. "ಭಾಯಿ, ಇದನ್ನು ತಿಂದು ನನ್ನ ಗಂಡ ಆಸ್ಪತ್ರೆಯಲ್ಲಿದ್ದಾರೆ. ಇವರು ಡಾಕ್ಟರಿಗೆ ಉತ್ತರ ಹುಡುಕ್ತಾ ಇದ್ದಾರೆ" ಎಂದಳು. ಆತ ಹೋಗಿ ಒಂದು ಸಣ್ಣ ಕೈಗುದ್ದಲಿ ತಂದುಕೊಟ್ಟ.

ಬಳೆಯ ಕೊನೆಯಲ್ಲಿ ಪೂರ್ತಿ ಬಿರಿದು ತಟ್ಟೆಯಂತಾದ ಒಂದು ಹಳೆಯ ಅಣಬೆ ಸಿಕ್ಕಿತು. ತಿರುವಿದೆ. ಪದರಗಳಲ್ಲಿ ಮಸುಕಾದ ಬಣ್ಣ. ಬೂದಿಯೋ ಹಸಿರೋ ಹೇಳಲಾರದಷ್ಟು ಮಸುಕು. ನಾನು ಹುಡುಕುತ್ತಿದ್ದ ಬಣ್ಣ ಇದೇ ಇರಬಹುದು. ಆದರೆ ಒಬ್ಬ ಮನುಷ್ಯನ ಜೀವಕ್ಕೆ 'ಇರಬಹುದು' ಎಂಬ ಮಾತು ಸಾಲದು. ಅದನ್ನು ಟಿಫಿನ್ ಡಬ್ಬಕ್ಕೆ ಹಾಕಿಕೊಂಡು, "ಯಲ್ಲಾ, ನಡಿ, ಆಸ್ಪತ್ರೆಗೆ ಹೋಗುವ" ಎಂದೆ.

ಆಸ್ಪತ್ರೆ

ಡಾಕ್ಟರ್ ನೂರಾ ಇದೇ ಬೆಟ್ಟನಾಡಿನ, ಅಸೀರಿನ ಹೆಣ್ಣುಮಗಳು. ವಯಸ್ಸು ನಲವತ್ತರ ಆಸುಪಾಸು, ಕಣ್ಣಿನ ಕೆಳಗೆ ನಿದ್ದೆಗೆಟ್ಟ ಕಪ್ಪು. ಒಳ್ಳೆಯ ಇಂಗ್ಲಿಷ್. ನನ್ನನ್ನು ಅಳೆಯುವಂತೆ ನೋಡಿದರು. ಅವರ ತಪ್ಪಿಲ್ಲ. ಮೊಣಕಾಲಿಗೆ ಮಣ್ಣು, ಗಿಡ್ಡ ಅಬಾಯಾ, ಕೈಯಲ್ಲಿ ಟಿಫಿನ್ ಡಬ್ಬ.

"ನೋಡಿದ ಮಾತ್ರಕ್ಕೆ ಹೇಳಬಲ್ಲಿರಾ?" ಎಂದರು.

"ನೋಡಿ ಊಹಿಸಬಲ್ಲೆ. ಖಚಿತವಾಗಿ ಹೇಳಲು ಇದರ ಪುಡಿಯ ಬಣ್ಣ ಬೇಕು" ಎಂದೆ. "ಅಣಬೆಗೆ ಬೀಜವಿಲ್ಲ. ಈ ಪದರಗಳಿಂದ ಹಿಟ್ಟಿನಂಥ ಬೀಜಾಣು ಉದುರುತ್ತದೆ. ಬಿಳಿ ಉದುರಿದರೆ ನಿಮ್ಮ ಭಯ ಸರಿ, ಈಗಲೇ ಸಾಗಿಸಿ. ಹಸಿರು ಉದುರಿದರೆ ಅದು ಹೊಟ್ಟೆಯನ್ನು ಹಿಂಡುವ ಜಾತಿ. ಯಕೃತ್ತಿಗೆ ಕೈ ಹಾಕುವುದಿಲ್ಲ. ದೊಡ್ಡ ಅಣಬೆಗಳಲ್ಲಿ ಹಸಿರು ಪುಡಿ ಉದುರಿಸುವುದು ಇದೊಂದೇ ಎಂದರೂ ಸರಿ."

"ಎಷ್ಟು ಹೊತ್ತು ಬೇಕು?"

"ಕೆಲವು ಗಂಟೆ."

ಅವರು ಯೋಚಿಸಿದರು. "ಆ್ಯಂಬುಲೆನ್ಸ್ ಹೇಗೂ ತಯಾರಾಗಬೇಕು. ರಕ್ತದ ಪರೀಕ್ಷೆಯೂ ಬರಬೇಕು. ಅಲ್ಲಿಯವರೆಗೆ ನಿಮ್ಮ ಕೆಲಸ ಮಾಡಿ. ಆದರೆ ನಾನು ನನ್ನ ತಯಾರಿ ನಿಲ್ಲಿಸುವುದಿಲ್ಲ."

"ನಿಲ್ಲಿಸಬೇಡಿ" ಎಂದೆ.

ನರ್ಸುಗಳ ಚಹಾದ ಕೋಣೆಯಲ್ಲಿ ಶೋಭಾ ಒಂದು ಬಿಳಿ ಹಾಳೆ ಕೊಟ್ಟಳು. ಬಿಳಿ ಪುಡಿ ಬಿಳಿ ಹಾಳೆಯ ಮೇಲೆ ಬಿದ್ದರೆ ಕಾಣಿಸದು. ಅದಕ್ಕೆ ಮೇಜಿನ ಮೇಲಿದ್ದ ಪತ್ರಿಕೆಯಿಂದ ಅತ್ತರಿನ ಜಾಹೀರಾತಿನ ಕಪ್ಪು ಪುಟ ಹರಿದು ಪಕ್ಕದಲ್ಲಿ ಜೋಡಿಸಿದೆ. ಪಾರ್ಕಿನ ಅಣಬೆಯ ಕಾಲು ಕತ್ತರಿಸಿ, ಕೊಡೆಯನ್ನು ಅರ್ಧ ಬಿಳಿಯ ಮೇಲೆ, ಅರ್ಧ ಕಪ್ಪಿನ ಮೇಲೆ ಬೋರಲಾಗಿಟ್ಟೆ. ಅಶ್ರಫ್ ನನಗಾಗಿ ತೆಗೆದಿಟ್ಟಿದ್ದರಲ್ಲಿ ಹೆಚ್ಚು ಬಿರಿದದ್ದನ್ನೂ ಹಾಗೆಯೇ ಇಟ್ಟೆ. ಗಾಳಿಯಾಡದಂತೆ ಎರಡಕ್ಕೂ ಸೂಪಿನ ಬೋಗುಣಿ ಮುಚ್ಚಿದೆ.

ಆಮೇಲೆ ಕಾಯುವುದು. ಕೇರಳದ ಒಬ್ಬ ನರ್ಸ್, ಫಿಲಿಪೀನ್ಸಿನ ಇಬ್ಬರು, ಸಮಯ ಸಿಕ್ಕಾಗಲೆಲ್ಲ ಬಾಗಿಲಲ್ಲಿ ಇಣುಕಿ ಬೋಗುಣಿಗಳನ್ನು ನೋಡಿ ಹೋಗುತ್ತಿದ್ದರು. ಎಲ್ಲರಿಗೂ ಆ ಕೋಣೆಯಲ್ಲಿ ದನಿ ತಗ್ಗಿತ್ತು. ನಾನು ಒಮ್ಮೆ ಅಶ್ರಫ್‌ನನ್ನು ನೋಡಿಬಂದೆ. ಡ್ರಿಪ್ ಹಾಕಿದ್ದರು. ಮುಖ ಬಿಳಿಚಿತ್ತು.

"ಟೀಚರ್, ನಿಮ್ಮ ಮಾತು ಕೇಳಬೇಕಿತ್ತು" ಎಂದ.

"ಹೌದು. ಆದರೆ ಎರಡು ತೆಗೆದಿಟ್ಟಿರಲ್ಲ, ಅದು ಒಳ್ಳೆಯದಾಯಿತು" ಎಂದೆ.

ನೂರಾ ಬಂದಾಗ ಹೊರಗೆ ಮಧ್ಯಾಹ್ನ ಕಳೆದಿತ್ತು. ಮೈಮೂನಾ ಶೋಭಾಳ ಭುಜ ಹಿಡಿದು ನಿಂತಿದ್ದಳು. "ಗಾಡಿ ತಯಾರಿದೆ" ಎಂದರು ನೂರಾ. "ನೋಡೋಣವೇ?"

ಮೊದಲ ಬೋಗುಣಿ ಎತ್ತಿದೆ. ಕೊಡೆಯನ್ನು ಎರಡು ಬೆರಳಿನಿಂದ ಮೆಲ್ಲಗೆ ತೆಗೆದೆ. ಬಿಳಿ ಹಾಳೆಯ ಮೇಲೆ, ಸೈಕಲ್ ಚಕ್ರದ ಕಡ್ಡಿಗಳಂತೆ, ಗೆರೆ ಗೆರೆಯಾಗಿ ಪುಡಿ ಬಿದ್ದಿತ್ತು. ಹಸಿರು. ಬಟಾಣಿಯ ಒಣ ಸಿಪ್ಪೆಯ ಹಸಿರು. ಎರಡನೆಯದನ್ನು ಎತ್ತಿದೆ. ಅದು ಎಳೆಯದಾದ್ದರಿಂದ ಪುಡಿ ತೆಳು, ಆದರೆ ಬಣ್ಣ ಅದೇ. ಕಪ್ಪು ಪುಟದ ಮೇಲೆ ಬಿಳಿಯ ಸುಳಿವೂ ಇರಲಿಲ್ಲ.

"ಹಸಿರು" ಎಂದೆ. ನನ್ನ ದನಿ ನನಗೇ ಹೊಸದಾಗಿ ಕೇಳಿಸಿತು. "ಇದು ಬೆಳಗಿನ ಅಣಬೆಯದ್ದೇ ಕೆಲಸ. ರಾತ್ರಿ ಮಸಾಲೆಯಲ್ಲಿ ಬೆಂದದ್ದು ಸುಮ್ಮನಿತ್ತು, ಅರ್ಧ ಹುರಿದದ್ದು ಹೊಟ್ಟೆಗೆ ತಿರುಗಿ ಬಿತ್ತು. ಜೀವಕ್ಕೆ ಅಪಾಯ ತರುವ ಜಾತಿ ಇದಲ್ಲ."

ನೂರಾ ಹಾಳೆಯನ್ನು ಕಿಟಕಿಯ ಬೆಳಕಿಗೆ ಹಿಡಿದರು. ಪಾರ್ಕಿನ ಮಣ್ಣು, ಉಂಗುರ, ಚೀಲ, ಒಂದೊಂದನ್ನೂ ಮತ್ತೊಮ್ಮೆ ಕೇಳಿದರು. ಒಳ್ಳೆಯ ಪರೀಕ್ಷಕರು ಹಾಗೆಯೇ ಕೇಳುವುದು. ನಾನು ಒಂದೊಂದಕ್ಕೂ ಉತ್ತರ ಕೊಟ್ಟೆ. ರಕ್ತದ ವರದಿಯೂ ಬಂತು, ಯಕೃತ್ತು ನೆಟ್ಟಗಿತ್ತು. ಅವರು ಫೋನ್ ಎತ್ತಿ ಅರಬಿಯಲ್ಲಿ ಎರಡು ಮಾತು ಹೇಳಿ ಇಟ್ಟರು. ಶೋಭಾ ನನ್ನ ಕಿವಿಯಲ್ಲಿ ಹೇಳಿದಳು, "ಗಾಡಿ ಬೇಡ ಅಂದ್ರು ಅಕ್ಕ. ಇಲ್ಲೇ ಇಟ್ಟು ನೋಡ್ತಾರಂತೆ."

ಮೈಮೂನಾ ನೆಲದ ಮೇಲೆ ಕುಳಿತು ಅತ್ತಳು. ಫಿಲಿಪೀನ್ಸಿನ ನರ್ಸುಗಳು ಚಪ್ಪಾಳೆ ತಟ್ಟಿದರು. ಇಷ್ಟು ವರ್ಷ ಪ್ರಯೋಗಾಲಯದಲ್ಲಿ ಇದೇ ಬೋಗುಣಿ, ಇದೇ ಹಾಳೆ ಇಟ್ಟು ಕಲಿಸಿದ್ದೇನೆ. ಚಪ್ಪಾಳೆ ಸಿಕ್ಕಿದ್ದು ಇದೇ ಮೊದಲು.

ಮರುದಿನ ಅಶ್ರಫ್ ಗಂಜಿ ಕುಡಿದ. ಅದರ ಮರುದಿನ ಮನೆಗೆ ಬಂದ. ತನ್ನ ಮನೆಯ ಬಾಗಿಲಲ್ಲಿ ನಿಂತು, "ಸಿಸ್ಟರಿಗೆ ಹೇಳಬೇಡಿ ಟೀಚರ್, ರುಚಿ ಮಾತ್ರ ಒಳ್ಳೆಯದಿತ್ತು" ಎಂದ. ಒಳಗಿನಿಂದ ಮೈಮೂನಾ ಕೇಳಿಸಿಕೊಂಡಳು. ಮುಂದೆ ಆ ಮನೆಯಲ್ಲಿ ನಡೆದದ್ದನ್ನು ನಾನು ಬರೆಯುವುದಿಲ್ಲ.

ನೂರಾ ಅವರ ತಾಯಿಮನೆ

ಹೊರಡುವ ಮುಂಚಿನ ವಾರ ನೂರಾ ತಾವೇ ಕಾರು ತಂದು ನನ್ನನ್ನು ಬೆಟ್ಟದ ಇಳಿಜಾರಿನ ತಮ್ಮ ಹಳ್ಳಿಗೆ ಕರೆದುಕೊಂಡು ಹೋದರು. ಕಲ್ಲಿನ ಮನೆ, ಮೆಟ್ಟಿಲು ಮೆಟ್ಟಿಲಾದ ಹೊಲ, ಅಂಗಳದಲ್ಲಿ ದಾಳಿಂಬೆ. ನೂರಾ ತಾಯಿಗೆ ಫೋನಿನಲ್ಲಿ ಎಲ್ಲ ಹೇಳಿದ್ದರಂತೆ. ಹೆಂಗಸರ ಕೋಣೆಯಲ್ಲಿ ನೆರೆಯ ಮನೆಗಳ ಹೆಂಗಸರೆಲ್ಲ ಸೇರಿದ್ದರು. ಒಬ್ಬೊಬ್ಬರ ಮುಂದೆ ಒಂದೊಂದು ತಟ್ಟೆ. ತಟ್ಟೆಯಲ್ಲಿ ತಮ್ಮ ತಮ್ಮ ಹೊಲದ ಮರಗಳ ಬುಡದಿಂದ ಕಿತ್ತು ತಂದ ಅಣಬೆ.

"ಉಸ್ತಾಜಾ, ಕುಳಿತುಕೊಳ್ಳಿ" ಎಂದರು ನೂರಾ ಅವರ ತಾಯಿ. ಉಸ್ತಾಜಾ ಎಂದರೆ ಗುರುಗಳು. "ನಮ್ಮ ಕಾಲದಲ್ಲಿ ಇವುಗಳ ಹತ್ತಿರ ಮಕ್ಕಳನ್ನು ಬಿಡುತ್ತಿರಲಿಲ್ಲ. ಯಾಕೆಂದು ಇವತ್ತು ತಿಳಿಯಬೇಕು."

ನಮ್ಮಲ್ಲಿ ಇವಕ್ಕೆ ನಾಯಿಕೊಡೆ ಎನ್ನುತ್ತಾರೆ ಎಂದೆ. ನೂರಾ ಅನುವಾದಿಸಿದಾಗ ಕೋಣೆಯಿಡೀ ನಕ್ಕಿತು. ನಾಯಿಗೆ ಕೊಡೆ ಹಿಡಿಯುವ ದೇಶವೇ ಎಂದು ಒಬ್ಬರು ಕೇಳಿದರು. ಏಲಕ್ಕಿ ಘಮಘಮಿಸುವ ಕಾಫಿ ಕುಡಿಯುತ್ತಾ ತಟ್ಟೆಯಿಂದ ತಟ್ಟೆಗೆ ಹೋದೆ. ಇದು ಸತ್ತ ಮರದ ಮೇಲೆ ಬೆಳೆಯುವುದು. ಇದು ಸಗಣಿಯ ಮೇಲೆ. ಇದನ್ನು ಮುಟ್ಟಿ ಕೈ ತೊಳೆದರೆ ಸಾಕು, ಬಾಯಿಗೆ ಬೇಡ. ಇದು ನನಗೂ ಗೊತ್ತಿಲ್ಲ. ಗೊತ್ತಿಲ್ಲ ಎಂದಾಗ ಅವರೆಲ್ಲ ತಲೆದೂಗಿದರು. ಅಲ್ಲಿಯವರೆಗೆ ಹೇಳಿದ್ದರ ಮೇಲೆ ಆಗಲೇ ಅವರಿಗೆ ಪೂರ್ತಿ ನಂಬಿಕೆ ಬಂದದ್ದು.

ಮೂಲೆಯಲ್ಲಿ ಅತ್ಯಂತ ಹಿರಿಯರಾದ ಉಮ್ ಸಾಲಿಹ್ ಕುಳಿತಿದ್ದರು. ಅವರ ತಟ್ಟೆಯಲ್ಲಿದ್ದುದನ್ನು ನೋಡಿ ನಾನು ಕಾಫಿ ಕೆಳಗಿಟ್ಟೆ. ಮುಚ್ಚಿದ ಕೊಡೆಯಂತೆ ಉದ್ದಕ್ಕೆ ನಿಂತ, ಗಟ್ಟಿ ಕಾಲಿನ, ಬಿಳಿ ಸಿಪ್ಪೆಯ ಒಣ ನಾಡಿನ ಅಣಬೆ. ಸೀಸೆಯೊಳಗೆ ಔಷಧಿ ನೀರಿನಲ್ಲಿ ಮುಳುಗಿಸಿಟ್ಟದ್ದನ್ನಷ್ಟೇ ನಾನು ವರ್ಷವರ್ಷವೂ ಮಕ್ಕಳಿಗೆ ತೋರಿಸುತ್ತಿದ್ದದ್ದು. ಮಳೆ ಸುರಿಯುವ ನಮ್ಮೂರಿನಲ್ಲಿ ಅದು ಏಳುವುದಿಲ್ಲ. ಕೈಗೆತ್ತಿಕೊಂಡೆ. ತಣ್ಣಗಿತ್ತು, ಜೀವಂತವಾಗಿತ್ತು. ಬುಡದ ಬಿಸಿಲುನಾಡಿನ ಮಣ್ಣು ಬೆರಳಿಗಂಟಿತು.

"ಎಲ್ಲಿ ಸಿಕ್ಕಿತು?"

"ಕೆಳಗೆ, ಜಾಲಿ ಮರದ ಹತ್ತಿರ. ಇದು ನಿಮಗೆ ಗೊತ್ತಾ?" ಎಂದು ಅಜ್ಜಿ ಕೇಳಿದರು.

"ಇದನ್ನು ನೋಡಬೇಕೆಂದು ಹುಡುಗಿಯಾಗಿದ್ದಾಗಿನಿಂದ ಆಸೆ" ಎಂದೆ.

"ಹೆಸರು ಗೊತ್ತಿರಬಹುದು. ಉಪಯೋಗ ಗೊತ್ತಾ?"

"ಇಲ್ಲ."

ಅಜ್ಜಿ ಇನ್ನೊಂದು ಮುದಿ ಅಣಬೆಯನ್ನು ಅಂಗೈಯಲ್ಲಿ ಮುರಿದರು. ಒಳಗಿನಿಂದ ಕಾಡಿಗೆಯಂಥ ನಯವಾದ ಕಪ್ಪು ಪುಡಿ ಉದುರಿತು. ತಮ್ಮ ಅಜ್ಜಿಯ ಕಾಲದಲ್ಲಿ ಹೆಂಗಸರು ಇದನ್ನೇ ಬಳಸುತ್ತಿದ್ದರು ಎಂದರು. ನನ್ನನ್ನು ಹತ್ತಿರ ಕರೆದು, ತಲೆಯ ಬಟ್ಟೆ ಸರಿಸಿ, ಬೆರಳಿಗೆ ಎಣ್ಣೆ ಮುಟ್ಟಿಸಿಕೊಂಡು, ಆ ಪುಡಿಯನ್ನು ನನ್ನ ಬೈತಲೆಯ ಎರಡೂ ಕಡೆಯ ನೆರೆತ ಕೂದಲಿಗೆ ನಿಧಾನವಾಗಿ ಸವರಿದರು. ಹೆಂಗಸರೆಲ್ಲ ಸುತ್ತ ಕವಿದುಕೊಂಡು ನೋಡಿದರು. ನೂರಾ ತಮ್ಮ ಫೋನನ್ನೇ ಕನ್ನಡಿಯಾಗಿ ಹಿಡಿದರು. ಅದರಲ್ಲಿ ಕಂಡವಳ ಕೂದಲು ಕಪ್ಪಗಿತ್ತು, ಹಣೆಯ ಮೇಲೂ ಒಂದಿಷ್ಟು ಮಸಿ ಇತ್ತು. ಅವಳು ಏನೋ ದೊಡ್ಡದನ್ನು ಗೆದ್ದು ಬಂದವಳಂತೆ ಕಾಣುತ್ತಿದ್ದಳು.